ಕಿತ್ತೂರಿನ ಟೆಲಿಫೋನು, ಬೆಂಗಳೂರಿನ ಕಿಯೋ

2025ರ ನವೆಂಬರ ತಿಂಗಳಲ್ಲಿ ಬೆಂಗಳೂರಿನ ತಂತ್ರಜ್ಞಾನ ಮೇಳದಲ್ಲಿ ರಾಜ್ಯ ಸರಕಾರವು 'ಕಿಯೋ' ಎಂಬ ಚಿಕ್ಕ ಗಣಕಯಂತ್ರವೊಂದನ್ನು ಜನತೆಯ ಮುಂದಿಟ್ಟಿತು. ಸರಕಾರದ್ದೇ ಆದ ಕಿಯೋನಿಕ್ಸ್ ಸಂಸ್ಥೆ ಅದರ ಹಿಂದೆ ಇದೆ. ಬೆಲೆ 18,999 ರೂಪಾಯಿ. ಅದರಲ್ಲಿ ಇಂಟೆಲ್ ಕಂಪನಿಯ ಚಿಪ್ಪು ಇಲ್ಲ, ವಿಂಡೋಸ್ ಇಲ್ಲ. ರಿಸ್ಕ್-ಫೈವ್ ಎಂಬ, ಯಾರಿಗೂ ರಾಯಧನ ತೆರಬೇಕಿಲ್ಲದ ಪದ್ಧತಿಯ ಪ್ರೊಸೆಸರು ಇದೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಲಿನಕ್ಸ್ ತಂತ್ರಾಂಶ ಇದೆ. ಇದು ವಿದ್ಯಾರ್ಥಿಗಳಿಗೆ, ಸಣ್ಣ ಉದ್ದಿಮೆಗಳಿಗೆ ಎಂದು ಸರಕಾರ ಸಾರಿದೆ. ನಾವು ಇದನ್ನು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಸ್ವಾಗತಿಸಿದ ಮೇಲೆ ಕೇಳಬೇಕಾದ ನಾಲ್ಕು ಮಾತನ್ನೂ ಕೇಳುತ್ತೇವೆ. ಯಾಕೆಂದರೆ ಇಂಥ ಯಂತ್ರಗಳು ಮೇಳದಲ್ಲಿ ಒಂದು ರೀತಿ ನಡೆಯುತ್ತವೆ, ಸವದತ್ತಿಯ ಕಚೇರಿಯ ಕಿಟಕಿಯಲ್ಲಿ ಇನ್ನೊಂದು ರೀತಿ ನಡೆಯುತ್ತವೆ.

ಸ್ವದೇಶಿ ಗಣಕಯಂತ್ರ ನಮ್ಮ ಭಾಗಕ್ಕೆ ಹೊಸದಲ್ಲ. ಕಿತ್ತೂರೆಂದರೆ 1824, ಕಿತ್ತೂರೆಂದರೆ ರಾಣಿ ಚೆನ್ನಮ್ಮ ಎಂದು ಶಾಲೆಯಲ್ಲಿದ್ದಾಗ ನಾವೂ ಮಕ್ಕಳಿಂದ ಬಾಯಿಪಾಠ ಮಾಡಿಸಿದವರೇ. ಆದರೆ 1986ನ್ನು ಹೇಳಿಕೊಟ್ಟಿರಲಿಲ್ಲ, ನಮಗೇ ಗೊತ್ತಿರಲಿಲ್ಲ. ಆ ವರ್ಷ ಭಾರತದಲ್ಲಿಯೇ ರೂಪಿಸಿದ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಮೊಟ್ಟಮೊದಲು ಕೆಲಸಕ್ಕೆ ನಿಂತದ್ದು ಇದೇ ಕಿತ್ತೂರಿನಲ್ಲಿ. 1984ರಲ್ಲಿ ಹುಟ್ಟಿದ ಸಿ-ಡಾಟ್ ಎಂಬ ಸರಕಾರಿ ಸಂಸ್ಥೆಯ ತರುಣ ಇಂಜಿನಿಯರರು ಅದನ್ನು ಕಟ್ಟಿದರು. ಹೆಸರು ಎಕ್ಸ್‌ಚೇಂಜ್ ಆದರೂ ಒಳಗಿದ್ದದ್ದು ಗಣಕಯಂತ್ರವೇ: ಯಾರು ಯಾರಿಗೆ ಫೋನು ಮಾಡಿದರು, ಯಾವ ತಂತಿಯನ್ನು ಯಾವುದಕ್ಕೆ ಕೂಡಿಸಬೇಕು ಎಂಬ ಲೆಕ್ಕವನ್ನು ಹುಡುಗಿಯರು ಕೈಯಿಂದ ಮಾಡುವ ಬದಲು ಒಂದು ಪ್ರೊಸೆಸರು ಮಾಡುತ್ತಿತ್ತು.

ಅದು ಯಾಕೆ ಬಾಳಿತು ಎಂಬುದನ್ನು ವಾಚಕರು ಲಕ್ಷ್ಯಕೊಟ್ಟು ನೋಡಬೇಕು. ಅಂದು ಪರದೇಶದ ಕಂಪನಿಗಳು ಮಾರುತ್ತಿದ್ದ ಎಕ್ಸ್‌ಚೇಂಜುಗಳು ಸಾವಿರಾರು ಲೈನುಗಳ ದೊಡ್ಡ ಪಟ್ಟಣಗಳಿಗೆ ಮಾಡಿದವು. ಅವುಗಳನ್ನು ತಂಪು ಕೋಣೆಯಲ್ಲಿ, ಧೂಳು ಸೋಂಕದಂತೆ ಇಡಬೇಕಿತ್ತು. ನೂರು ಫೋನಿನ ಊರಿಗೆ ಅವು ಆನೆಯಂತೆ. ಸಿ-ಡಾಟಿನವರು 128 ಪೋರ್ಟುಗಳ ಚಿಕ್ಕ ಯಂತ್ರ ಮಾಡಿದರು. ಕಡಿಮೆ ವಿದ್ಯುತ್ತು ತಿನ್ನುವ, ಕಡಿಮೆ ಕಾಯುವ ಬಿಡಿಭಾಗಗಳನ್ನು ಆರಿಸಿಕೊಂಡು, ಏರ್ ಕಂಡೀಷನ್ ಇಲ್ಲದೆ ನಡೆಯುವಂತೆ ಮಾಡಿದರು. ಇನ್ನೊಂದು ಸಂಗತಿ ಬಹಳ ಮುಖ್ಯ. ಅಮೇರಿಕೆಯಲ್ಲಿ ಮನೆಗೊಂದು ಫೋನು. ಅದು ದಿನದ ಬಹುಪಾಲು ಸುಮ್ಮನಿರುತ್ತದೆ. ನಮ್ಮಲ್ಲಿ ಓಣಿಗೊಂದು ಫೋನು; ಒಬ್ಬರು ಇಟ್ಟರೆ ಇನ್ನೊಬ್ಬರು ಎತ್ತುತ್ತಾರೆ. ಲೈನು ಕಡಿಮೆ, ಮಾತು ಹೆಚ್ಚು. ಆ ಭಾರ ಹೊರುವಂತೆ ಯಂತ್ರ ರೂಪಿಸಿದರು. ಅಂದರೆ ಬಳಸುವವನು ಹೇಗೆ ಬಳಸುತ್ತಾನೆ ಎಂಬುದನ್ನು ಮೊದಲು ನೋಡಿದರು, ಯಂತ್ರವನ್ನು ಆಮೇಲೆ ಮಾಡಿದರು.

ಸಿ-ಡಾಟನ್ನು ಕಟ್ಟಿದ ಸ್ಯಾಮ್ ಪಿತ್ರೋಡಾ ಅವರು 1993ರಲ್ಲಿ ಬರೆದ ಲೇಖನವೊಂದರಲ್ಲಿ, ಸುಮಾರು ಐದು ಸಾವಿರ ಜನರ ಊರೊಂದಕ್ಕೆ ಇಂಥ ನೂರು ಲೈನು ಬಂದ ಆರು ತಿಂಗಳಲ್ಲಿ ಬ್ಯಾಂಕ್ ಠೇವಣಿ ನೂರಕ್ಕೆ 80ರಷ್ಟು ಏರಿತೆಂದು ಹೇಳಿದ್ದಾರೆ. ಲಾರಿಯ ಮಾಲಕ ಡ್ರೈವರನನ್ನು ಹುಡುಕಿದ, ರೈತ ದೊಡ್ಡ ಪೇಟೆಯ ಧಾರಣೆ ಕೇಳಿದ. ಆ ಠೇವಣಿಯಲ್ಲಿ ಹಮಾಲನ ಪಾಲು ಎಷ್ಟು ಎಂದು ನಾವು ಕೇಳದೆ ಇರಲಾರೆವು. ಆದರೂ ಬೈಲಹೊಂಗಲದ ಹಳೆಯ ಅರಳೆ ವ್ಯಾಪಾರಿಗಳನ್ನು ಕೇಳಿ ನೋಡಿರಿ. ಟ್ರಂಕ್ ಕಾಲ್ ಬುಕ್ ಮಾಡಿ ಸಂಜೆಯತನಕ ಅಂಗಡಿಯ ಕಟ್ಟೆಯ ಮೇಲೆ ಕಾಯ್ದು ಕೂತ ಕಾಲವನ್ನು ಅವರು ಇನ್ನೂ ಮರೆತಿಲ್ಲ.

ಸಣ್ಣ ಯಂತ್ರ, ಊರಿಗೆ ಒಗ್ಗುವ ಯಂತ್ರ ಬೇಕೆಂದು ಲೋಹಿಯಾ ಅವರು ಹೇಳುತ್ತಿದ್ದರು. ಕಿತ್ತೂರಿನ ಎಕ್ಸ್‌ಚೇಂಜ್ ಅದಕ್ಕೆ ಉತ್ತರವಾಗಿ ನಿಂತಿತ್ತು.

ಇನ್ನು ಸೋತ ಯಂತ್ರದ ಕಥೆ. 2001ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಇಂಜಿನಿಯರರೂ ಕೂಡಿ 'ಸಿಂಪ್ಯೂಟರ್' ಎಂಬ ಕೈಯಲ್ಲಿ ಹಿಡಿಯುವ ಗಣಕಯಂತ್ರ ಮಾಡಿದರು. ಪರದೆ ಮುಟ್ಟಿದರೆ ಕೆಲಸ ಮಾಡುತ್ತಿತ್ತು, ದೇಶಭಾಷೆಗಳಲ್ಲಿ ಓದಿ ಹೇಳುತ್ತಿತ್ತು. ಊರಿಗೊಂದು ಯಂತ್ರ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಕಾರ್ಡು, ಹೀಗೆ ಬಡವರು ಹಂಚಿಕೊಂಡು ಬಳಸಬೇಕೆಂಬುದು ಉದ್ದೇಶ. ಕರ್ನಾಟಕದ 'ಭೂಮಿ' ಯೋಜನೆಯಲ್ಲಿ ಜಮೀನಿನ ದಾಖಲೆಯ ಕೆಲಸಕ್ಕೆ ಅದನ್ನು ಬಳಸಿದ್ದೂ ಉಂಟು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ತಯಾರಿಸಿ ಪೇಟೆಗೆ ಬಿಟ್ಟಾಗ ಬೆಲೆ ಹತ್ತು ಸಾವಿರದ ಹತ್ತಿರ ಇತ್ತು. ಕೆಲವು ಸಾವಿರ ಮಾತ್ರ ಮಾರಾಟವಾದವು. ಕೊಳ್ಳಬೇಕಾಗಿದ್ದ ಸರಕಾರಗಳು ದೊಡ್ಡ ಪ್ರಮಾಣದಲ್ಲಿ ಕೊಳ್ಳಲಿಲ್ಲ, ಬಡವನಿಗೆ ಆ ಬೆಲೆ ನಿಲುಕಲಿಲ್ಲ. ಅಷ್ಟರಲ್ಲಿ ಮೋಬಾಯಿಲು ಬಂದು ಅದರ ಜಾಗ ಕಸಿಯಿತು. ಜಗತ್ತೆಲ್ಲ ಹೊಗಳಿದ ಯಂತ್ರ ನಾಲ್ಕು ವರ್ಷದಲ್ಲಿ ಅಟ್ಟ ಸೇರಿತು.

ಚೀನ ದೇಶದವರು ಹೀಗೆ ಬಿಡಲಿಲ್ಲ. ಅವರ 'ಲೂಂಗ್‌ಸನ್' ಪ್ರೊಸೆಸರಿನ ಕೆಲಸ ಆರಂಭವಾದದ್ದೂ 2001ರಲ್ಲಿಯೇ. ಮೊದಲ ಚಿಪ್ಪು 2002ರಲ್ಲಿ ಬಂದಿತು. ಇಪ್ಪತ್ತೆರಡು ವರ್ಷ ಬಿಡದೆ ಹಣ ಹಾಕಿ, 2023ರ ನವೆಂಬರದಲ್ಲಿ ಹೊರತಂದ ಚಿಪ್ಪು ಇಂಟೆಲ್‌ನವರ 2020ರ ಒಂದು ಸಾಧಾರಣ ಚಿಪ್ಪಿಗೆ ಸಮನೆಂದು ಅವರೇ ಹೇಳಿಕೊಂಡರು. 2023ರ ಡಿಸೆಂಬರದಲ್ಲಿ ಪಟ್ಟಣ ಮಟ್ಟದಿಂದ ಮೇಲಿನ ಸರಕಾರಿ ಕಚೇರಿಗಳು ಸುರಕ್ಷಿತವೆಂದು ಪಟ್ಟಿ ಮಾಡಿದ ಪ್ರೊಸೆಸರುಗಳನ್ನೇ ಕೊಳ್ಳಬೇಕೆಂದು ನಿಯಮ ಬಂದಿತು. ಪಟ್ಟಿಯಲ್ಲಿ ಇದ್ದವೆಲ್ಲ ಚೀನದ ಕಂಪನಿಗಳ ಹೆಸರು. ಆ ಛಲವನ್ನು ನಾವು ಮೆಚ್ಚುತ್ತೇವೆ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಇಂಟೆಲ್ ಚಿಪ್ಪಿಗೆಂದು ಬರೆದ ಹಳೆಯ ತಂತ್ರಾಂಶ ಲೂಂಗ್‌ಸನ್ ಮೇಲೆ ನೇರವಾಗಿ ನಡೆಯುವುದಿಲ್ಲ. ನಡುವೆ ದುಭಾಷಿಯೊಬ್ಬ ನಿಂತು ಒಂದೊಂದು ಆಜ್ಞೆಯನ್ನೂ ತರ್ಜುಮೆ ಮಾಡಿ ಹೇಳಬೇಕು, ಆದ್ದರಿಂದ ವೇಗ ತಗ್ಗುತ್ತದೆ. ಪ್ರಿಂಟರು, ಸ್ಕ್ಯಾನರು ಮುಂತಾದವುಗಳಿಗೂ ಹೊಸದಾಗಿ ತಂತ್ರಾಂಶ ಬರೆಯಬೇಕಾಗುತ್ತದೆ. ಮೇಲಿನಿಂದ ಆಜ್ಞೆ ಬಂದ ಮೇಲೆ ಕೆಳಗಿನ ಗುಮಾಸ್ತನು ಯಂತ್ರ ನಿಧಾನವೆಂದು ಯಾರ ಮುಂದೆ ಹೇಳಿಕೊಳ್ಳಬೇಕು? ನಮ್ಮದು ಮತದಾನದ ದೇಶ. ಇಲ್ಲಿ ಆ ಗುಮಾಸ್ತನ ಮಾತೂ, ಕಿಟಕಿಯ ಹೊರಗೆ ನಿಂತವನ ಮಾತೂ ಮೊದಲೇ ಕೇಳಿಬರಬೇಕು.

ಕಿಯೋ ಯಂತ್ರಕ್ಕೂ ಇದೇ ತೊಡಕು ಕಾದಿದೆ. ಬೈಲಹೊಂಗಲದ ದಲಾಲಿ ಅಂಗಡಿಗಳಲ್ಲಿ, ರಾಮದುರ್ಗದ ಸೀರೆ ವ್ಯಾಪಾರಿಗಳಲ್ಲಿ ಖಾತೆ-ಕಿರ್ದಿ ಇಡುವುದು ಬಹಳ ಕಡೆ ಟ್ಯಾಲಿಯಲ್ಲಿ. ಟ್ಯಾಲಿ ಬೆಂಗಳೂರಿನ ಕಂಪನಿಯದೇ, ಆದರೆ ಅದು ನಡೆಯುವುದು ವಿಂಡೋಸ್ ಮೇಲೆ. ಬೆಂಗಳೂರಿನ ಲೆಕ್ಕದ ಪುಸ್ತಕ ಬೆಂಗಳೂರಿನ ಗಣಕಯಂತ್ರದಲ್ಲಿ ನೇರವಾಗಿ ತೆರೆಯದಿದ್ದರೆ ವ್ಯಾಪಾರಿ ಏನು ಮಾಡಬೇಕು? ಜಿ.ಎಸ್.ಟಿ. ತುಂಬಲು ಬೇಕಾದ ಸಹಿಯ ಟೋಕನ್ನು ಅದರಲ್ಲಿ ಹಾಕಿದರೆ ಕೆಲಸ ಮಾಡಬೇಕು. ಕಚೇರಿಗಳಲ್ಲಿ ಇಪ್ಪತ್ತು ವರ್ಷದಿಂದ ಹಳೆಯ 'ನುಡಿ', 'ಬರಹ' ಅಕ್ಷರಗಳಲ್ಲಿ ಟೈಪು ಮಾಡಿಟ್ಟ ಕಡತಗಳಿವೆ. ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಇವನ್ನು ಯೂನಿಕೋಡಿಗೆ ಬದಲಿಸುವ ಕೆಲಸವನ್ನು ಯಾರು ಮಾಡುತ್ತಾರೆ, ಅದರ ಕೂಲಿ ಯಾರು ಕೊಡುತ್ತಾರೆ ಎಂಬುದನ್ನು ಯಂತ್ರ ಬರುವ ಮೊದಲೇ ಹೇಳಬೇಕು.

ಇದಕ್ಕಿಂತ ದೊಡ್ಡ ಮಾತು ದುರಸ್ತಿಯದು. ನಾವು ಪಾಠ ಹೇಳುತ್ತಿದ್ದ ಒಂದು ಶಾಲೆಯಲ್ಲಿ ಗಣಕಯಂತ್ರಗಳ ಕೋಣೆಗೆ ಎರಡು ವರ್ಷ ಬೀಗ ಬಿದ್ದಿತ್ತು. ಯಂತ್ರಗಳು ಕೆಟ್ಟಿರಲಿಲ್ಲ, ಬ್ಯಾಟರಿ ಸತ್ತಿದ್ದವು. ಗುತ್ತಿಗೆದಾರನ ಅವಧಿ ಮುಗಿದಿತ್ತು; ಹೊಸ ಬ್ಯಾಟರಿಗೆ ಯಾವ ಖಾತೆಯಿಂದ ದುಡ್ಡು ಎಂಬ ಕಾಗದ ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ ಓಡಾಡಿತು. ಮಕ್ಕಳು ಕಿಟಕಿಯ ಸಂದಿಯಿಂದ ಗಣಕಯಂತ್ರ ನೋಡಿ ಏಳನೆಯ ಇಯತ್ತೆ ಪಾಸಾದರು. ಸ್ವದೇಶಿಯಾಗಲಿ ಪರದೇಶಿಯಾಗಲಿ, ಸವದತ್ತಿಯಲ್ಲಿ ಕೆಟ್ಟ ಯಂತ್ರ ಬೆಂಗಳೂರಿಗೆ ಹೋಗಿ ಬರಬೇಕೆಂದರೆ ಅದು ಇದ್ದೂ ಇಲ್ಲದ ಹಾಗೆ. ಇಲ್ಲಿ ಐ.ಟಿ.ಐ. ಕಲಿತು ಕೆಲಸವಿಲ್ಲದೆ ಕೂತ ಹುಡುಗರಿದ್ದಾರೆ. ಯಂತ್ರದ ನಕಾಶೆ, ಬಿಡಿಭಾಗಗಳ ಯಾದಿ ಕನ್ನಡದಲ್ಲಿ ಅವರ ಕೈಗೆ ಕೊಟ್ಟರೆ ತಾಲೂಕಿಗಿಬ್ಬರು ಅದರಲ್ಲಿ ಹೊಟ್ಟೆ ಹೊರೆದಾರು.

ಗಿರಣಿ ಕಾಮಗಾರರು ಇದೆಲ್ಲ ಅಂಗಡಿಯವರ, ಕಚೇರಿಯವರ ಮಾತು ಎಂದು ತಿಳಿಯಬಾರದು. ಹಾಜರಿ ಹಿಡಿಯುವುದು ಇಂದು ಯಂತ್ರ, ಕಬ್ಬಿನ ಗಾಡಿಯ ತೂಕ ಬರೆಯುವುದು ಯಂತ್ರ, ಪಗಾರ ಹಾಕುವುದು ಯಂತ್ರ. 'ಭೂಮಿ' ಬಂದ ಮೇಲೆ ಕೈಬರಹದ ಉತಾರಕ್ಕೆ ಬೆಲೆ ಉಳಿಯಲಿಲ್ಲ. ತಲಾಟಿಯ ಕಾಟ ತಪ್ಪಿತೆಂದು ರೈತರು ಸಂತೋಷಪಟ್ಟದ್ದೂ ನಿಜ, ಸರ್ವರ್ ಇಲ್ಲವೆಂದು ದಿನವಿಡೀ ನಿಂತು ಬರಿಗೈಯಲ್ಲಿ ಬಂದದ್ದೂ ನಿಜ. ಯಂತ್ರ ನಿಂತ ದಿನದ ಕೂಲಿ ಯಾರ ತಲೆಯ ಮೇಲೆ? ಬೆರಳು ಹಿಡಿಯದ ಯಂತ್ರಕ್ಕಾಗಿ ಕಾಮಗಾರನ ಅರ್ಧ ದಿನ ಕತ್ತರಿಸುವುದನ್ನು, ಆ ಯಂತ್ರದ ಮೇಲೆ ಯಾವ ದೇಶದ ಮುದ್ರೆ ಇದ್ದರೂ ನಾವು ಒಪ್ಪುವುದಿಲ್ಲ.

ಮುದ್ರೆಯ ಮಾತು ಬಂತೆಂದು ಇದನ್ನೂ ಹೇಳುತ್ತೇವೆ. ರಿಸ್ಕ್-ಫೈವ್ ಎಂದರೆ ಪ್ರೊಸೆಸರಿಗೆ ಆಜ್ಞೆ ಕೊಡುವ ಮೂಲಾಕ್ಷರಗಳು. 2010ರಲ್ಲಿ ಅಮೇರಿಕೆಯ ಬರ್ಕಲಿ ವಿಶ್ವವಿದ್ಯಾಲಯದಲ್ಲಿ ಆರಂಭವಾಗಿ ಈಗ ಎಲ್ಲರಿಗೂ ಮುಕ್ತ. ಅಕ್ಷರ ಮುಕ್ತವಾದರೆ ಪುಸ್ತಕ ನಮ್ಮದಾಯಿತೆಂದಲ್ಲ, ಬರೆಯುವವರು ಬೇಕು, ಅಚ್ಚು ಹಾಕುವವರು ಬೇಕು. ಬರೆಯುವವರು ನಮ್ಮಲ್ಲಿದ್ದಾರೆ: ಮದ್ರಾಸಿನ ಐ.ಐ.ಟಿ.ಯ 'ಶಕ್ತಿ', ಸಿ-ಡಾಕ್ ಸಂಸ್ಥೆಯ 'ವೇಗ' ಎಂಬ ಪ್ರೊಸೆಸರುಗಳು ಇದೇ ಅಕ್ಷರಗಳಲ್ಲಿ ಆದವು. ಅಚ್ಚಿನ ಮನೆಯದೇ ಕೊರತೆ. 2018ರಲ್ಲಿ 'ಶಕ್ತಿ'ಯ ಒಂದು ಚಿಪ್ಪು ಅಮೇರಿಕೆಯ ಇಂಟೆಲ್ ಕಾರಖಾನೆಯಲ್ಲಿ 22 ನ್ಯಾನೋಮೀಟರಿನಲ್ಲಿ ಆಯಿತು. ಅದೇ ವರ್ಷ ಇನ್ನೊಂದು ನಮ್ಮ ಸರಕಾರಿ ಕಾರಖಾನೆಯಲ್ಲಿ, ಪಂಜಾಬದ ಮೊಹಾಲಿಯಲ್ಲಿ ಆಯಿತು, 180 ನ್ಯಾನೋಮೀಟರಿನಲ್ಲಿ. ನೂಲಿನ ಕೌಂಟಿನ ಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ನವಿರು ನೂಲು, ಎರಡನೆಯದು ಜಮಖಾನೆಯ ನೂಲು. ಜಮಖಾನೆಯೂ ಬೇಕು, ನಾಚಿಕೆಪಡುವಂಥದೇನಲ್ಲ. ಆದರೆ ಪರದೇಶದ ನೂಲು ತಂದು ಇಲ್ಲಿ ಅಂಚು ಹೊಲಿದು ಸ್ವದೇಶಿ ಸೀರೆ ಎಂದು ಮಾರುವುದನ್ನು ರಾಮದುರ್ಗದ ನೇಕಾರರು ಸಹಿಸುವುದಿಲ್ಲ. ಕಿಯೋ ಪೆಟ್ಟಿಗೆಯ ಮೇಲೆ ಚಿಪ್ಪನ್ನು ರೂಪಿಸಿದವರು ಯಾರು, ಅಚ್ಚು ಹಾಕಿದ್ದು ಎಲ್ಲಿ, ಜೋಡಿಸಿದ್ದು ಎಲ್ಲಿ ಎಂಬ ಮೂರು ಸಾಲು ಕನ್ನಡದಲ್ಲಿ ಇರಲಿ.

ಒತ್ತಾಯವೂ ಬೇಡ. 2023ರ ಆಗಸ್ಟ 3ರಂದು ಕೇಂದ್ರ ಸರಕಾರ ಲ್ಯಾಪ್‌ಟಾಪು, ಗಣಕಯಂತ್ರಗಳ ಆಮದಿಗೆ ಲೈಸೆನ್ಸು ಬೇಕೆಂದು ಒಮ್ಮೆಲೇ ಆಜ್ಞೆ ಮಾಡಿತು. ಮರುದಿನವೇ ಹಿಂದೆಗೆದು ತಿಂಗಳುಗಟ್ಟಲೆ ಮುಂದೂಡಿತು. ಇಂಥ ಆಜ್ಞೆಗಳಿಂದ ದೊಡ್ಡ ಕಂಪನಿ ಮುಳುಗುವುದಿಲ್ಲ. ತಿಂಗಳಿಗೆ ನಾಲ್ಕು ಯಂತ್ರ ಮಾರಿ, ಹತ್ತು ಹಳೆಯದನ್ನು ದುರಸ್ತಿ ಮಾಡಿ ಬದುಕುವ ಪೇಟೆಯ ಹುಡುಗ ತೊಂದರೆಗೆ ಬೀಳುತ್ತಾನೆ.

ಆದ್ದರಿಂದ ಸರಕಾರಕ್ಕೆ ನಮ್ಮ ಸೂಚನೆ ಇದು. ಸಾವಿರಗಟ್ಟಲೆ ಖರೀದಿಯ ಮೊದಲು ಕಿಯೋ ಯಂತ್ರಗಳನ್ನು ಆರು ತಿಂಗಳ ಮಟ್ಟಿಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳಲ್ಲಿ ಒಂದೊಂದು ಶಾಲೆಯಲ್ಲಿ, ಒಂದೊಂದು ನಾಡಕಚೇರಿಯಲ್ಲಿ, ಒಂದೊಂದು ಸಹಕಾರಿ ಸಂಘದಲ್ಲಿ ಇಡಲಿ. ಮೇ ತಿಂಗಳ ಬಿಸಿಲೂ, ಕಬ್ಬಿನ ಹಂಗಾಮಿನ ಧೂಳೂ, ದಿನಕ್ಕೆ ನಾಲ್ಕು ಸಲ ಹೋಗುವ ಕರೆಂಟೂ ಅದನ್ನು ಪರೀಕ್ಷೆ ಮಾಡಲಿ. ಕೂತು ಬಳಸುವವರು ದಿನಚರಿ ಬರೆಯಲಿ: ಯಾವ ದಿನ ನಿಂತಿತು, ಎಷ್ಟು ತಾಸು ನಿಂತಿತು, ಯಾರು ಬಂದು ಸರಿ ಮಾಡಿದರು. ಆ ದಿನಚರಿಯನ್ನು ತಿದ್ದದೆ ಪ್ರಕಟಿಸಲಿ.

ಸರಕಾರ ಮಾಡುವತನಕ ನಾವು ಕಾಯುವುದಿಲ್ಲ. ಕಚೇರಿಯಲ್ಲಾಗಲಿ, ಗಿರಣಿಯಲ್ಲಾಗಲಿ, ಅಂಗಡಿಯಲ್ಲಾಗಲಿ ಗಣಕಯಂತ್ರದಿಂದ ವಾಚಕರಿಗೆ ಆದ ಅನುಕೂಲವನ್ನೂ ಅನಾನುಕೂಲವನ್ನೂ, ತಾರೀಖು ಮತ್ತು ಊರಿನ ಹೆಸರು ಸಹಿತ, ಒಂದು ಕಾರ್ಡಿನಲ್ಲಿ ಬರೆದು ನಮ್ಮ ಕಚೇರಿಗೆ ಕಳಿಸಬೇಕು. ಬರೆಯಲು ಬಾರದವರು ಸಂತೆಯ ದಿನ ಬಂದು ಹೇಳಿದರೆ ನಾವು ಬರೆದುಕೊಳ್ಳುತ್ತೇವೆ. ಹೆಸರು ಅಚ್ಚು ಹಾಕುವುದಿಲ್ಲ. ಬಂದದ್ದನ್ನೆಲ್ಲ ಕೂಡಿಸಿ ಬೆಂಗಳೂರಿನ ಇಲಾಖೆಗೆ ನಾವೇ ಒಯ್ದು ಕೊಡುತ್ತೇವೆ.