ವರದಿಯ ಮೊತ್ತ ತಪ್ಪಿದಾಗ

ಸಹಕಾರ ಸಂಘವೊಂದರ ಸದಸ್ಯೆಯೊಬ್ಬರು ಜನವರಿ 31ರಂದು ಬೆಳಿಗ್ಗೆ 11 ಗಂಟೆಗೆ ಸಾಲದ ಕಂತು ಕಟ್ಟಿ ರಸೀದಿ ಪಡೆದರೆಂದು ಭಾವಿಸಬಹುದು. ವಾರ ಕಳೆಯುವಷ್ಟರಲ್ಲಿ, ಕಂತು ಬಾಕಿಯಿದೆಯೆಂಬ ನೋಟೀಸು ಅವರ ಮನೆಬಾಗಿಲಿಗೆ ಬರುತ್ತದೆ. ಗುಮಾಸ್ತನೇ ಹಣ ನುಂಗಿದನೇನೋ ಎಂಬ ಸಂದೇಹ ಮೊದಲು ಹುಟ್ಟುವುದು ಸಹಜ. ಆದರೆ ಹಣ ಸಂಘದ ಖಾತೆಯಲ್ಲಿಯೇ ಇದೆ. ರಸೀದಿಯ ವಿವರವೂ ಡೇಟಾಬೇಸಿನಲ್ಲಿ ಸರಿಯಾಗಿ ದಾಖಲಾಗಿದೆ. ತಪ್ಪಿರುವುದು ಬಾಕಿದಾರರ ಪಟ್ಟಿಯನ್ನು ಕೊಟ್ಟ ವರದಿ.

ಹಿಂದಿನ ಕಿರ್ದಿ, ಖಾತೆ ಪುಸ್ತಕಗಳ ಸ್ಥಾನವನ್ನು ಇಂದು ಡೇಟಾಬೇಸ್ ಆಕ್ರಮಿಸಿದೆ. ಸದಸ್ಯರದೊಂದು ಕೋಷ್ಟಕ, ಸಾಲಗಳದೊಂದು, ರಸೀದಿಗಳದೊಂದು, ಹೀಗೆ ವಿಷಯಗಳು ಬೇರೆ ಬೇರೆಯಾಗಿ ಶೇಖರವಾಗಿರುತ್ತವೆ. ಅವನ್ನು ಜೋಡಿಸಿ, ಮೊತ್ತ ಹಾಕಿ, ಅಂದವಾಗಿ ಮುದ್ರಿಸಿಕೊಡುವುದು ಕ್ರಿಸ್ಟಲ್ ರಿಪೋರ್ಟ್ಸ್, ಮೈಕ್ರೋಸಾಫ್ಟಿನ ರಿಪೋರ್ಟ್ ಬಿಲ್ಡರ್ ಮೊದಲಾದ ತಂತ್ರಾಂಶಗಳ ಕೆಲಸ. ಪಾಸ್‌ವರ್ಡ್ ತಪ್ಪಿದರೆ, ಕೋಷ್ಟಕದ ಹೆಸರು ಬದಲಾಗಿದ್ದರೆ ತಂತ್ರಾಂಶವೇ ತಕರಾರು ತೆಗೆದು ನಿಲ್ಲುತ್ತದೆ. ಅದನ್ನು ಉಪಕಾರವೆಂದೇ ತಿಳಿಯಬೇಕು. ತಕರಾರಿಲ್ಲದೆ ಹೊರಬರುವ ತಪ್ಪು ವರದಿಯೇ ಅಪಾಯಕಾರಿ.

ಆ ಸದಸ್ಯೆಯ ರಸೀದಿ ಕಾಣೆಯಾದ ಬಗೆ ವಿಚಿತ್ರವಾದದ್ದು. ‘ಜನವರಿ 1ರಿಂದ 31ರವರೆಗೆ’ ಎಂದು ವರದಿಗೆ ಆಜ್ಞೆಯಾಗಿತ್ತು. ರಸೀದಿಯೊಡನೆ ಗಂಟೆ, ನಿಮಿಷಗಳೂ ದಾಖಲಾಗಿದ್ದರೆ, ಗಂಟೆ ಹೇಳದ ‘31’ ಎಂದರೆ ಆ ದಿನ ಆರಂಭವಾಗುವ ನಡುರಾತ್ರಿಯೆಂದೇ ಅರ್ಥ. ಅಂದು ಹಗಲಿನಲ್ಲಿ ಸಂದ ಹಣವೆಲ್ಲ ಲೆಕ್ಕದಿಂದ ಹೊರಗೆ! ‘31ರವರೆಗೆ’ ಎನ್ನುವುದರ ಬದಲು ‘ಫೆಬ್ರವರಿ 1ಕ್ಕಿಂತ ಮುಂಚೆ’ ಎಂದು ವಿಧಿಸಿದರೆ ದೋಷ ಪರಿಹಾರವಾಗುತ್ತದೆ. ತಿಂಗಳಿಗೆ ಮೂವತ್ತು ದಿನವೋ ಇಪ್ಪತ್ತೆಂಟೋ ಎಂಬ ತಾಪತ್ರಯವೂ ತಪ್ಪುತ್ತದೆ.

ಇದಕ್ಕೆ ವಿರುದ್ಧವಾಗಿ, ಮೊತ್ತ ಉಬ್ಬಿಕೊಳ್ಳುವುದೂ ಉಂಟು. ಒಂದು ಸಾಲಕ್ಕೆ ಇಬ್ಬರು ಜಾಮೀನುದಾರರು. ಸಾವಿರ ರೂಪಾಯಿಯಂತೆ ಮೂರು ಕಂತುಗಳು ಸಂದಿವೆ. ಜಾಮೀನುದಾರರ ಹೆಸರೂ ಇರಲೆಂದು ಆ ಕೋಷ್ಟಕವನ್ನು ರಸೀದಿಗಳೊಡನೆ ಜೋಡಿಸಿದೊಡನೆ ಮೂರು ಸಾಲುಗಳು ಆರಾಗುತ್ತವೆ, ಮೂರು ಸಾವಿರ ಆರು ಸಾವಿರವಾಗುತ್ತದೆ. ಗಾಬರಿಗೊಂಡವರು ಒಂದೇ ತೆರನಾದ ಸಾಲುಗಳನ್ನು ತೆಗೆದುಹಾಕೆಂದು ಆಜ್ಞಾಪಿಸುವುದು ವಾಡಿಕೆ. ರೋಗಕ್ಕಿಂತ ಮದ್ದೇ ಕೆಟ್ಟದ್ದು: ರಸೀದಿಯ ಸಂಖ್ಯೆಯಿಲ್ಲದ ಪಟ್ಟಿಯಲ್ಲಿ, ಒಂದೇ ದಿನ ನಿಜವಾಗಿಯೂ ಎರಡು ಬಾರಿ ಕಟ್ಟಿದ ಸಾವಿರ ರೂಪಾಯಿಗಳಲ್ಲಿ ಒಂದು ಮಾಯವಾಗುತ್ತದೆ. ಪ್ರತಿ ಸಾಲಕ್ಕೂ ಸಂದಾಯದ ಮೊತ್ತವನ್ನು ಮೊದಲೇ ಕೂಡಿ, ಅನಂತರ ಉಳಿದ ವಿವರಗಳನ್ನು ಜೋಡಿಸುವುದೇ ಸರಿಯಾದ ಕ್ರಮ.

ಒಂದೂ ಕಂತು ಕಟ್ಟದವರ ಸ್ಥಿತಿ ಇನ್ನೂ ಸೋಜಿಗದ್ದು. ಸಾಮಾನ್ಯ ಜೋಡಣೆಯಲ್ಲಿ, ರಸೀದಿಯೇ ಇಲ್ಲದವರು ವರದಿಯಿಂದಲೇ ಜಾರಿಹೋಗುತ್ತಾರೆ! ರಸೀದಿಯಿರಲಿ ಬಿಡಲಿ, ಸಾಲಗಾರರೆಲ್ಲರನ್ನೂ ಉಳಿಸಿಕೊಳ್ಳುವ ‘ಲೆಫ್ಟ್ ಔಟರ್ ಜಾಯಿನ್’ ಎಂಬ ಜೋಡಣೆ ಇಲ್ಲಿ ಅವಶ್ಯಕ. ಅದನ್ನು ಬಳಸಿದ ಮೇಲೂ, ರಸೀದಿಯ ತಾರೀಖಿನ ನಿಬಂಧನೆಯನ್ನು ಜೋಡಣೆಯೊಳಗೆ ಇಡದೆ ಕೊನೆಯ ಶೋಧನೆಯಲ್ಲಿಟ್ಟರೆ ಅವರು ಮತ್ತೆ ತಪ್ಪಿಸಿಕೊಳ್ಳುತ್ತಾರೆ. ಹೇಗೋ ಉಳಿಸಿಕೊಂಡರೂ ಅವರ ಬಾಕಿಯ ಕಲಮು ಬರಿದಾಗಿ ಕಾಣಬಹುದು. ಡೇಟಾಬೇಸಿಗೆ ‘ನಲ್’, ಎಂದರೆ ಏನೂ ದಾಖಲಾಗದಿರುವುದು, ಸೊನ್ನೆಯಲ್ಲ; 5,000ದಿಂದ ನಲ್ ಕಳೆದರೆ ಉಳಿಯುವುದು ನಲ್ಲೇ. ಅದನ್ನು ಸೊನ್ನೆಯೆಂದು ಎಣಿಸುವಂತೆ ಸ್ಪಷ್ಟವಾಗಿ ಹೇಳಬೇಕು.

ಹಾಳೆಗೊಂದು ಖಾಲಿ ಹಾಳೆ ಮುದ್ರಿತವಾಗುವುದು ಇವುಗಳ ಮುಂದೆ ಅಲ್ಪದೋಷ. ಎ4 ಹಾಳೆಯ ಅಗಲ 21 ಸೆಂಟಿಮೀಟರ್. ಎಡಬಲದ ಅಂಚುಗಳಿಗೆ ಎರಡೆರಡು ಬಿಟ್ಟರೆ ವರದಿಯ ಮೈ 17ನ್ನು ಮೀರಬಾರದು, ಅಷ್ಟೆ.

ಮೊತ್ತದ ಮೇಲೆ ಅನುಮಾನ ಬಂದಾಗ ವರದಿಯ ಸೂತ್ರಗಳನ್ನು ಕೆದಕುತ್ತ ಕೂರುವುದು ಕಾಲಹರಣ. ಒಬ್ಬ ಸದಸ್ಯರ ರಸೀದಿಗಳನ್ನು ಕಾಗದದ ಮೇಲೆ ಕೈಯಿಂದಲೇ ಕೂಡಿ, ಆ ಒಬ್ಬರಿಗಾಗಿಯೇ ವರದಿ ತೆಗೆದು ಹೋಲಿಸಬೇಕು. ತಾಳೆಯಾಗದಿದ್ದರೆ ಕೋಷ್ಟಕಗಳನ್ನು ಒಂದೊಂದಾಗಿ ಸೇರಿಸುತ್ತ, ಪ್ರತಿ ಹೆಜ್ಜೆಗೂ ಸಾಲುಗಳನ್ನು ಎಣಿಸಬೇಕು. ಎಣಿಕೆ ಎಲ್ಲಿ ಏರಿತೋ ಅಥವಾ ಇಳಿಯಿತೋ ಅಲ್ಲಿಯೇ ಕಳ್ಳ ಸಿಕ್ಕುತ್ತಾನೆ.

ವರದಿಯನ್ನು ತಿದ್ದಿ ಮತ್ತೆ ತೆಗೆದಾಗ ಆ ಸದಸ್ಯೆಯ ಹೆಸರು ಬಾಕಿದಾರರ ಪಟ್ಟಿಯಲ್ಲಿರುವುದಿಲ್ಲ. ಆದರೆ ಅದೇ ವರದಿಯನ್ನು ನಂಬಿ ಹಿಂದಿನ ತಿಂಗಳುಗಳಲ್ಲಿ ಯಾರು ಯಾರಿಗೆ ನೋಟೀಸು ಹೋಗಿದೆಯೆಂದು ಹುಡುಕುವ ಕೆಲಸ ಸಂಘದ ಮೇಜಿನ ಮೇಲೆ ಉಳಿದೇ ಇರುತ್ತದೆ.