ದಿಲ್ಲಿ ಕೇಸ್ ಬಂದ್ರೂ ಮೊದಲು ಬೇಕಾಗೋದು ಅಥಣಿ ವಕೀಲರೇ

ಐಗಳಿ (ಅಥಣಿ ತಾ.): ಫೋನ್ ರಿಂಗ್ ಆಗುತ್ತದೆ. ಆ ಕಡೆಯಿಂದ ಜೋರು ಹಿಂದಿ. 'ಸಿಬಿಐದಿಂದ ಮಾತಾಡ್ತಿದ್ದೇವೆ, ನಿಮ್ಮ ಆಧಾರ್ ಮೇಲೆ ಕೇಸ್ ಆಗಿದೆ, ಮನಿ ಮಂದಿಗೂ ಹೇಳಬ್ಯಾಡ್ರಿ, ಕ್ಯಾಮೆರಾ ಬಂದ್ ಮಾಡಬ್ಯಾಡ್ರಿ' ಅನ್ನೋ ಅರ್ಥದ ಮಾತು. ಡಿಜಿಟಲ್ ಅರೆಸ್ಟ್ ಎಂಬ ಈ ಮೋಸ ಈಗ ಎಲ್ಲರಿಗೂ ಗೊತ್ತು. ಗೊತ್ತಿದ್ದರೂ ಜನ ಬೀಳುತ್ತಲೇ ಇದ್ದಾರೆ. ಇದೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ 2025ರ ಮಾರ್ಚ್‌ನಲ್ಲಿ ವೃದ್ಧ ದಂಪತಿ ಇಂಥ ಕರೆಗೆ ಹೆದರಿ ಲಕ್ಷಗಟ್ಟಲೆ ಹಣ ಕಳೆದುಕೊಂಡರು. ಕೊನೆಗೆ ಜೀವವನ್ನೂ ಕಳೆದುಕೊಂಡರು.

ಮೋಸಗಾರರು ಬಂಡವಾಳ ಮಾಡಿಕೊಂಡಿರೋದು ಒಂದೇ ವಿಷಯವನ್ನು. ಸಿಬಿಐ, ಇ.ಡಿ, ಎನ್‌ಐಎ, ಸೆಂಟ್ರಲ್ ಜಿಎಸ್‌ಟಿ ಅಂದರೆ ಏನು, ಅಸಲಿ ಕೇಸ್ ಬಂದರೆ ಅದು ಹೇಗಿರುತ್ತೆ, ಆವಾಗ ಯಾರ ಹತ್ತಿರ ಹೋಗಬೇಕು ಅನ್ನೋದು ಊರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಹೊಡೆದಾಟ, ಹೊಲದ ತಕರಾರು ಆದರೆ ಐಗಳಿ ಠಾಣೆ, ಅಥಣಿ ಕೋರ್ಟ್ ಅಂತ ದಾರಿ ಗೊತ್ತಿದೆ. ಕೇಂದ್ರದ ಕೇಸ್ ಅಂದ ಕೂಡಲೇ 'ಅದು ದಿಲ್ಲಿ ವಕೀಲರ ಕೆಲಸ, ನಮ್ಮ ಕೈಲೆ ಏನಾಗ್ತೈತಿ' ಅಂತ ಕೈಚೆಲ್ಲಿ ಕೂಡುತ್ತಾರೆ.

ಆ ಲೆಕ್ಕವೇ ತಪ್ಪು.

ದೊಡ್ಡವರ ಕೇಸ್ ನೋಡಿ ಬಂದ ಕಲ್ಪನೆ

ಟಿವಿಯಲ್ಲಿ ಜನ ನೋಡಿರೋದು ದೊಡ್ಡವರ ಕೇಸ್. ಡಿ.ಕೆ.ಶಿವಕುಮಾರ್ ಅವರನ್ನು ಇ.ಡಿ 2019ರ ಸೆಪ್ಟೆಂಬರ್ 3ರಂದು ಬಂಧಿಸಿತು. ತಿಹಾರ್ ಜೈಲು, ಅಕ್ಟೋಬರ್‌ನಲ್ಲಿ ದಿಲ್ಲಿ ಹೈಕೋರ್ಟ್‌ನಿಂದ ಜಾಮೀನು. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಇ.ಡಿ ಪ್ರಕರಣವನ್ನೇ ರದ್ದು ಮಾಡಿತು. ಬಂಧನದಿಂದ ಇಲ್ಲಿಗೆ ನಾಲ್ಕೂವರೆ ವರ್ಷ.

ಇನ್ನೊಂದು ಪಕ್ಕದ ಜಿಲ್ಲೆಯದು. ಧಾರವಾಡದಲ್ಲಿ 2016ರಲ್ಲಿ ನಡೆದ ಜಿಲ್ಲಾ ಪಂಚಾಯ್ತಿ ಸದಸ್ಯ ಯೋಗೇಶಗೌಡ ಕೊಲೆ ಪ್ರಕರಣ. ಮೊದಲು ಸ್ಥಳೀಯ ಪೊಲೀಸರ ತನಿಖೆ, 2019ರಲ್ಲಿ ಸಿಬಿಐಗೆ. ಮಾಜಿ ಸಚಿವ ವಿನಯ ಕುಲಕರ್ಣಿ 2020ರ ನವೆಂಬರ್‌ನಲ್ಲಿ ಬಂಧನವಾಗಿ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದರು. ಜಾಮೀನು ಸಿಕ್ಕಿದ್ದು 2021ರ ಆಗಸ್ಟ್‌ನಲ್ಲಿ, ಅದೂ ಸುಪ್ರೀಂ ಕೋರ್ಟ್‌ನಿಂದ, ಧಾರವಾಡ ಜಿಲ್ಲೆಗೆ ಕಾಲಿಡಬಾರದು ಎಂಬ ಷರತ್ತಿನ ಮೇಲೆ. 2023ರ ಚುನಾವಣೆಯನ್ನು ಜಿಲ್ಲೆಯ ಹೊರಗೆ ಕುಳಿತೇ ಗೆದ್ದರು. ಸಾಕ್ಷಿಗಳ ಮೇಲೆ ಪ್ರಭಾವ ಬೀರಿದ ಆರೋಪದ ಮೇಲೆ 2025ರ ಜೂನ್‌ನಲ್ಲಿ ಅದೇ ಸುಪ್ರೀಂ ಕೋರ್ಟ್ ಜಾಮೀನು ರದ್ದು ಮಾಡಿತು.

ಯಾರ ತಪ್ಪು, ಯಾರ ಒಪ್ಪು ಅನ್ನೋದು ಇಲ್ಲಿ ವಿಷಯ ಅಲ್ಲ. ಇವರಿಗೆಲ್ಲ ದಿಲ್ಲಿವರೆಗೆ ವಕೀಲರನ್ನು ಇಡುವ ತಾಕತ್ತು ಇತ್ತು. ಐಗಳಿ ಕ್ರಾಸ್‌ನಲ್ಲಿ ಕಿರಾಣಿ ಅಂಗಡಿ ಇಟ್ಟವರಿಗೆ ಅದು ಇಲ್ಲ. ಆದರೆ ಕಾನೂನು ಕೊಟ್ಟಿರೋ ಮೊದಲ ದಿನದ ಹಕ್ಕು ಇಬ್ಬರಿಗೂ ಒಂದೇ.

ಊರಿಗೆ ಕೇಂದ್ರದ ಕೇಸ್ ಬರೋ ದಾರಿ

ಹಳ್ಳಿಗೆ ಸಿಬಿಐ ಯಾಕೆ ಬರ್ತದ ಅಂತ ನಗುವವರಿದ್ದಾರೆ. ಬರೋ ದಾರಿ ಮುಖ್ಯವಾಗಿ ಎರಡು.

ಒಂದು, ಬಾಡಿಗೆ ಕೊಟ್ಟ ಬ್ಯಾಂಕ್ ಖಾತೆ. 'ನಿನ್ನ ಅಕೌಂಟ್, ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ' ಅಂದರೆ ಕಾಲೇಜು ಹುಡುಗರು ಕೊಟ್ಟುಬಿಡುತ್ತಾರೆ. ಯಾರನ್ನೋ ಹೆದರಿಸಿ ದೋಚಿದ ಹಣ ಆ ಖಾತೆ ಮೂಲಕ ಹೋಗುತ್ತದೆ. ದೇಶದಾದ್ಯಂತ 700ಕ್ಕೂ ಹೆಚ್ಚು ಬ್ಯಾಂಕ್ ಶಾಖೆಗಳಲ್ಲಿ ಸುಮಾರು 8.5 ಲಕ್ಷ ಇಂಥ ಖಾತೆಗಳಿವೆ ಎಂದು ಸಿಬಿಐ 2025ರ ಜೂನ್‌ನಲ್ಲಿ ಹೇಳಿತ್ತು. ಅಂದರೆ ಡಿಜಿಟಲ್ ಅರೆಸ್ಟ್ ಕೇಸ್‌ನಲ್ಲಿ ಹಣ ಕಳೆದುಕೊಂಡವರೂ ಹಳ್ಳಿಯವರೇ, ಆರೋಪಿ ಅಂತ ಹೆಸರು ಬರೋದೂ ಹಳ್ಳಿ ಹುಡುಗರದ್ದೇ ಆಗಬಹುದು.

ಎರಡು, ಜಿಎಸ್‌ಟಿ. ಐಗಳಿ, ತೆಲಸಂಗ ಭಾಗದ ಒಣದ್ರಾಕ್ಷಿ ತಾಸಗಾಂವ, ಸಾಂಗ್ಲಿ ಮಾರುಕಟ್ಟೆಗೆ ಹೋಗುತ್ತದೆ, ಅಂದರೆ ರಾಜ್ಯದ ಗಡಿ ದಾಟುತ್ತದೆ. ರೈತ ತಾನೇ ಬೆಳೆದ ಒಣದ್ರಾಕ್ಷಿ ಮಾರಿದರೆ ಜಿಎಸ್‌ಟಿ ಇಲ್ಲ ಎಂದು 2024ರ ಡಿಸೆಂಬರ್‌ನ ಜಿಎಸ್‌ಟಿ ಮಂಡಳಿ ಸಭೆ ಸ್ಪಷ್ಟ ಮಾಡಿದೆ. ರೈತರಿಗೆ ಈ ಭಯ ಬೇಡ. ಆದರೆ ಖರೀದಿ ಮಾಡಿ ಮಾರುವ ವ್ಯಾಪಾರಸ್ಥರಿಗೆ ಲೆಕ್ಕ ಬೇರೆ. ಮಾಲು ಹೋಗದೇ ಬರೀ ಬಿಲ್ ಓಡಾಡಿದರೆ, ಅಥವಾ ಯಾರದ್ದೋ ಆಧಾರ್, ಪ್ಯಾನ್ ಮೇಲೆ ಬೇರೆಯವರು ಫರ್ಮ್ ತೆಗೆದು ಬಿಲ್ ಹರಿದರೆ, ಅದು ಕ್ರಿಮಿನಲ್ ಕೇಸ್.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದು ರಾಜ್ಯವೆಲ್ಲ ಗದ್ದಲ ಆಯ್ತಲ್ಲ, ಅದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ತೆರಿಗೆ ನೋಟಿಸ್. ಉತ್ತರ ಕೊಡಬೇಕಿತ್ತು, ಅಷ್ಟೇ. ಕಾಯ್ದೆ ಪ್ರಕಾರ ಜಿಎಸ್‌ಟಿ ವಂಚನೆಗೆ ಬಂಧನದ ಮಾತು ಬರೋದು ಮೊತ್ತ 2 ಕೋಟಿ ದಾಟಿದ ಮೇಲೆ. 5 ಕೋಟಿ ದಾಟಿದರೆ ಜಾಮೀನು ರಹಿತ. ನೋಟಿಸ್ ಬಂತು ಅಂದ ಕೂಡಲೇ ಜೈಲು ಅಂತ ಅಂಗಡಿ ಬಾಗಿಲು ಹಾಕಿ ಓಡಿಹೋಗೋದು ಬೇಡ.

ಅಸಲಿ ಯಾವುದು, ನಕಲಿ ಯಾವುದು

ಫೋನ್ ಮೇಲೆ, ವಿಡಿಯೊ ಕಾಲ್ ಮೇಲೆ ಅರೆಸ್ಟ್ ಮಾಡುವ ಕಾನೂನು ದೇಶದಲ್ಲಿ ಇಲ್ಲ. ಹಣ ವರ್ಗಾವಣೆ ಮಾಡಿ ಅಂತ ಯಾವ ತನಿಖಾಧಿಕಾರಿಯೂ ಕೇಳಲ್ಲ. ಹಾಜರಾಗಲು ಪೊಲೀಸರು ಕೊಡುವ ನೋಟಿಸ್ ಅನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ನಡೆಯಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಇ.ಡಿ ಸಮನ್ಸ್ ಮೇಲೆ ಈಗ ಕ್ಯುಆರ್ ಕೋಡ್ ಮತ್ತು ಪಾಸ್‌ಕೋಡ್ ಇರುತ್ತದೆ, ಇ.ಡಿ ವೆಬ್‌ಸೈಟ್‌ನಲ್ಲಿ ಹಾಕಿ ಪರೀಕ್ಷೆ ಮಾಡಬಹುದು. ಸೆಂಟ್ರಲ್ ಜಿಎಸ್‌ಟಿ ಪತ್ರದ ಮೇಲಿನ ಡಿಐಎನ್ ಸಂಖ್ಯೆಯನ್ನೂ ಹಾಗೇ ಇಲಾಖೆ ವೆಬ್‌ಸೈಟ್‌ನಲ್ಲಿ ನೋಡಬಹುದು. ಪತ್ರದಲ್ಲೇ ಕೊಟ್ಟ ಲಿಂಕ್ ಒತ್ತಬೇಡಿ, ವಿಳಾಸ ನೀವೇ ಟೈಪ್ ಮಾಡಿ. ಹಣ ಹೋಗಿದ್ದರೆ ತಡ ಮಾಡದೇ 1930ಕ್ಕೆ ಫೋನ್ ಹಚ್ಚಬೇಕು.

ಎಲ್ಲಕ್ಕಿಂತ ದೊಡ್ಡ ಗುರುತು ಒಂದಿದೆ. ನಕಲಿಯವನು 'ಯಾರಿಗೂ ಹೇಳಬ್ಯಾಡ' ಅಂತಾನೆ. ಅಸಲಿ ಕಾನೂನು 'ಮನೆಯವರಿಗೆ ತಿಳಿಸು, ವಕೀಲರನ್ನು ಕರೆಸು' ಅನ್ನುತ್ತದೆ.

ಮೊದಲ 24 ತಾಸು

ನಿಜವಾಗಿ ಅಧಿಕಾರಿಗಳು ಬಂದು ಕರೆದೊಯ್ದರು ಅಂತಿಟ್ಟುಕೊಳ್ಳಿ. ಸಂವಿಧಾನದ 22ನೇ ವಿಧಿ ಪ್ರಕಾರ ಪ್ರಯಾಣದ ಸಮಯ ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಲೇಬೇಕು. ತನಗೆ ಬೇಕಾದ ವಕೀಲರನ್ನು ಕಾಣುವ ಹಕ್ಕು ಆರೋಪಿಗಿದೆ. ಸಾಂಗ್ಲಿ, ಮುಂಬೈ, ದಿಲ್ಲಿಯಂಥ ದೂರದ ಊರಿನ ಕೇಸ್ ಆದರೆ, ಒಯ್ಯುವ ಮೊದಲು ಸಾಮಾನ್ಯವಾಗಿ ಹತ್ತಿರದ ಕೋರ್ಟ್‌ನಲ್ಲಿ ಟ್ರಾನ್ಸಿಟ್ ರಿಮಾಂಡ್ ಕೇಳುತ್ತಾರೆ. ಐಗಳಿಯವರಿಗೆ ಆ ಹತ್ತಿರದ ಕೋರ್ಟ್ ಅಂದರೆ ಅಥಣಿ. ಆ ಹೊತ್ತಿಗೆ ಅಲ್ಲಿ ನಿಲ್ಲಲು ಸಾಧ್ಯವಿರೋದು ಅಥಣಿ ವಕೀಲರಿಗೆ ಮಾತ್ರ. 500 ಕಿ.ಮೀ. ಆಚೆಯ ಬೆಂಗಳೂರಿನವರೂ ಮುಟ್ಟಲ್ಲ, ದಿಲ್ಲಿಯವರ ಮಾತು ದೂರ ಉಳಿಯಿತು.

'ನಮ್ಮ ವಕೀಲರು ಹೊಲದ ಕೇಸ್, ಚೆಕ್ ಬೌನ್ಸ್ ನೋಡೋರು, ಇ.ಡಿ ಕೇಸ್ ಏನು ಗೊತ್ತಾಗ್ತದ' ಅನ್ನೋ ಮಾತಿದೆ. ಮೊದಲ ದಿನ ದೊಡ್ಡ ವಾದ ಬೇಕಿಲ್ಲ. ಬೇಕಿರೋದು ದಾಖಲೆ. ಎಷ್ಟು ಗಂಟೆಗೆ ಹಿಡಿದರು, ಮನೆಯವರಿಗೆ ತಿಳಿಸಿದರಾ, ವೈದ್ಯಕೀಯ ತಪಾಸಣೆ ಆಯ್ತಾ, ಬಂಧನದ ಕಾರಣ ಬರೆದು ಕೊಟ್ಟರಾ ಅನ್ನೋದನ್ನು ಮ್ಯಾಜಿಸ್ಟ್ರೇಟ್ ಮುಂದೆ ಹೇಳಿ ಬರೆಸಬೇಕು.

ಈ ಕೊನೆಯ ಮಾತಿಗೆ ತೂಕ ಬಹಳ. ಇ.ಡಿ ಬಂಧನದ ಕಾರಣವನ್ನು ಬರವಣಿಗೆಯಲ್ಲೇ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಪಂಕಜ್ ಬನ್ಸಲ್ ಪ್ರಕರಣದಲ್ಲಿ ಹೇಳಿತು. 2025ರ ನವೆಂಬರ್‌ನಲ್ಲಿ ಮಿಹಿರ್ ಶಾ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಯಾವುದೇ ಅಪರಾಧ ಇರಲಿ, ಕಾರಣವನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು, ರಿಮಾಂಡ್‌ಗೆ ಹಾಜರುಪಡಿಸುವ ಎರಡು ತಾಸು ಮೊದಲಾದರೂ ಕೈಗೆ ಸಿಗಬೇಕು, ಇಲ್ಲದಿದ್ದರೆ ಬಂಧನವೇ ಕಾನೂನುಬಾಹಿರ ಎಂದಿತು. ಹಿಂದಿ, ಇಂಗ್ಲಿಷ್ ಬಾರದವರಿಗೆ ಕನ್ನಡದಲ್ಲೋ ಮರಾಠಿಯಲ್ಲೋ ಕಾಗದ ಸಿಗಬೇಕು. ಗಡಿಭಾಗದ ಮಂದಿಗೆ ಇದಕ್ಕಿಂತ ಉಪಯೋಗದ ತೀರ್ಪು ಇನ್ನೊಂದಿಲ್ಲ. ಆದರೆ ಮೊದಲ ದಿನ ಅದನ್ನು ಕೇಳೋರೇ ಇಲ್ಲದಿದ್ದರೆ ತೀರ್ಪು ಪುಸ್ತಕದಲ್ಲೇ ಉಳಿಯುತ್ತದೆ. ಮುಂದೆ ಧಾರವಾಡ ಹೈಕೋರ್ಟ್ ಪೀಠದಲ್ಲಿ ವಾದ ಮಾಡುವ ವಕೀಲರಿಗೆ ಆಧಾರ ಆಗೋದು ಅಥಣಿಯಲ್ಲಿ ಬರೆಸಿದ ಆ ನಾಲ್ಕು ಸಾಲೇ.

ಬಂಧನಕ್ಕೆ ಮುಂಚೆಯೇ ಸುಳಿವು ಸಿಕ್ಕರೆ ನಿರೀಕ್ಷಣಾ ಜಾಮೀನಿನ ದಾರಿ ಇದೆ. ಜಿಎಸ್‌ಟಿ ಪ್ರಕರಣದಲ್ಲಿ ಎಫ್‌ಐಆರ್ ಇಲ್ಲದಿದ್ದರೂ ಅದನ್ನು ಕೇಳಬಹುದು ಎಂದು 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇ.ಡಿ ಕಾಯ್ದೆಯಲ್ಲಿ ಜಾಮೀನು ಕಠಿಣ, ನಿಜ. ಆದರೆ ಮಹಿಳೆಯರಿಗೆ, ಕಾಯಿಲೆ ಇದ್ದವರಿಗೆ, ಒಟ್ಟು ಮೊತ್ತ 1 ಕೋಟಿಗಿಂತ ಕಡಿಮೆ ಇದ್ದವರಿಗೆ ಕಠಿಣ ಷರತ್ತು ಸಡಿಲಿಸಲು ಅದೇ ಕಾಯ್ದೆಯ 45ನೇ ಕಲಂ ಅವಕಾಶ ಕೊಡುತ್ತದೆ. ಖಾತೆ ಕೊಟ್ಟು ಸಿಕ್ಕಿಬಿದ್ದ ಹುಡುಗನ ಮನೆಯವರು ಇದನ್ನು ವಕೀಲರಿಗೆ ನೆನಪು ಮಾಡಬೇಕು.

ಒಂದು ಎಚ್ಚರಿಕೆ. ಇ.ಡಿ ಸಮನ್ಸ್ ಮೇಲೆ ಹೋಗಿ ಕೊಟ್ಟು ಸಹಿ ಹಾಕಿದ ಹೇಳಿಕೆಯನ್ನು ಕೋರ್ಟ್‌ನಲ್ಲಿ ನಿಮ್ಮ ವಿರುದ್ಧವೇ ಬಳಸಬಹುದು. ವಕೀಲರನ್ನು ಕಾಣದೇ ಹೋಗಬೇಡಿ, ಓದಿ ತಿಳಿಯದೇ ಸಹಿ ಹಾಕಬೇಡಿ. ಹೋಗದೇ ತಪ್ಪಿಸಿಕೊಳ್ಳೋದೂ ತಪ್ಪು.

ದುಡ್ಡು ಇಲ್ಲದಿದ್ದರೆ?

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಬಂಧನದಲ್ಲಿರುವವರು, ಮಹಿಳೆಯರು, ಎಸ್‌ಸಿ, ಎಸ್‌ಟಿಯವರು, ಅಂಗವಿಕಲರು ಉಚಿತ ವಕೀಲರಿಗೆ ಅರ್ಹರು. ಇವರಿಗೆ ಆದಾಯದ ಮಿತಿ ಅನ್ವಯಿಸಲ್ಲ. ಕೇಸ್ ರಾಜ್ಯದ್ದೋ ಕೇಂದ್ರದ್ದೋ ಅಂತ ಕಾಯ್ದೆ ಭೇದ ಮಾಡಿಲ್ಲ. ಅರ್ಜಿ ಕೊಡೋದು ಅಥಣಿ ಕೋರ್ಟ್‌ನ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ, ಅಥವಾ ಬೆಳಗಾವಿಯ ಜಿಲ್ಲಾ ಪ್ರಾಧಿಕಾರದಲ್ಲಿ. ಸಹಾಯವಾಣಿ 15100. ಆರೋಪಿಗಳ ಪರವಾಗಿಯೇ ಪೂರ್ಣಾವಧಿ ವಕೀಲರನ್ನು ಇಡುವ ಯೋಜನೆಯನ್ನು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2022ರಲ್ಲಿ ತಂದಿದೆ.

ಕಾಯ್ದೆ ಇದ್ದರೆ ಸಾಲದು, ಅದು ಅಂಗಡಿಯವರಿಗೆ ಮುಟ್ಟಬೇಕು. ಊರಲ್ಲಿ ಕಾನೂನು ಅರಿವು ಶಿಬಿರ ನಡೆದಾಗ ಬಾಲ್ಯವಿವಾಹ, ಆಸ್ತಿ ಹಕ್ಕಿನ ಜೊತೆಗೆ ಸಮನ್ಸ್ ಅಂದರೇನು, ಬಂಧನದ ಕಾಗದ ಹೇಗಿರಬೇಕು ಅನ್ನೋದನ್ನೂ ಒಂದು ತಾಸು ಹೇಳಲಿ. ವ್ಯಾಪಾರಸ್ಥರ ಸಂಘದವರು ಅಥಣಿಯಿಂದ ಒಬ್ಬ ವಕೀಲರನ್ನು ಕರೆಸಿ ಐಗಳಿಯಲ್ಲೇ ಸಭೆ ಮಾಡಿದರೆ ಖರ್ಚು ಚಹಾ, ಕುರ್ಚಿದಷ್ಟೇ.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಗೊತ್ತಿರುವ ಒಬ್ಬ ಅಥಣಿ ವಕೀಲರ ನಂಬರ್, 15100, 1930. ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಗಲ್ಲಾಪೆಟ್ಟಿಗೆ ಮೇಲೆ ಅಂಟಿಸಿ. ಮನೆಯಲ್ಲಿ ವಯಸ್ಸಾದವರ ಫೋನ್ ಹಿಂದೆಯೂ ಒಂದು ಅಂಟಿಸಿ. 'ಯಾರಿಗೂ ಹೇಳಬ್ಯಾಡ' ಅನ್ನೋ ಫೋನ್ ಬಂದ ದಿನ, ಮೊದಲು ಹೇಳಬೇಕಾದವರ ನಂಬರ್ ಕಣ್ಣ ಮುಂದೆ ಇರಲಿ.