ಸುಖಕ್ಕೂ ಬೇಕು ಅಭ್ಯಾಸ

ಸಂಪತ್ತು ಬಂದರೆ ಸುಖವೂ ಅದರ ಬೆನ್ನಿಗೇ ಬರುವುದೆಂಬ ನಂಬಿಕೆ ನಮ್ಮ ಜನರಲ್ಲಿ ಬಲವಾಗಿ ಬೇರೂರಿದೆ. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹರಿಯಲಾರಂಭಿಸಿದ ಮೇಲೆ, ಜೋಳ ಬೆಳೆಯುತ್ತಿದ್ದ ಸಿರುಗುಪ್ಪ ಸೀಮೆಯ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು. ಕರೂರಿನಂತಹ ಗ್ರಾಮಗಳ ಮಕ್ಕಳು ವಿದ್ಯಾವಂತರಾಗಿ ದೂರದ ನಗರಗಳಲ್ಲಿ ನೆಲೆಸಿದರು. ಆದರೆ ಊರಿಗೆ ಮರಳಿದಾಗ ಅವರು ನೆನೆಯುವುದು ತಮ್ಮ ಸಂಬಳವನ್ನಲ್ಲ, ಬಾಲ್ಯದಲ್ಲಿ ಗೆಳೆಯರೊಡನೆ ಒಂದೇ ಸಾಲಿನಲ್ಲಿ ಕುಳಿತು ಉಂಡ ಊಟವನ್ನು. ಇದು ಕೇವಲ ಹಳೆಯ ನೆನಪಿನ ಮೋಹವೇ? ಅಲ್ಲವೆಂದು ವಿಜ್ಞಾನವೂ ಹೇಳುತ್ತದೆ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಆರಂಭವಾದ ಅಧ್ಯಯನವು ನೂರಾರು ಜನರ ಬದುಕನ್ನು ದಶಕಗಳ ಕಾಲ ಪರಿಶೀಲಿಸಿತು. ಆರೋಗ್ಯಕ್ಕೂ ನೆಮ್ಮದಿಗೂ ಹಣ, ಕೀರ್ತಿಗಳಿಗಿಂತ ಆತ್ಮೀಯ ಬಾಂಧವ್ಯವೇ ಹೆಚ್ಚಿನ ಆಸರೆಯೆಂಬುದು ಅದರ ಮುಖ್ಯ ಫಲಿತಾಂಶ. 2008ರಲ್ಲಿ ಎಲಿಜಬೆತ್ ಡನ್ ಮತ್ತು ಸಂಗಡಿಗರು ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವರಿಗೆ ಬೆಳಿಗ್ಗೆ 5 ಅಥವಾ 20 ಡಾಲರ್ ಕೊಟ್ಟು ಸಂಜೆಯೊಳಗೆ ವ್ಯಯಿಸಲು ತಿಳಿಸಲಾಯಿತು. ತಮಗಾಗಿ ವ್ಯಯಿಸಿದವರಿಗಿಂತ ಪರರಿಗಾಗಿ ವ್ಯಯಿಸಿದವರೇ ಹೆಚ್ಚು ಸಂತುಷ್ಟರಾಗಿದ್ದರು. ಮೊತ್ತದ ಹೆಚ್ಚು ಕಡಿಮೆ ಮುಖ್ಯವಾಗಲಿಲ್ಲ. ದಾಸೋಹದ ನೆಲದಲ್ಲಿ ಬೆಳೆದವರಿಗೆ ಇದು ಅಪರಿಚಿತ ಮಾತಲ್ಲ.

ಆದರೆ ಸದಭ್ಯಾಸವು ಒಂದು ದಿನದ ಭಾಷಣದಿಂದ ಮೂಡುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಅಭ್ಯಸಿಸಿ ನೋಡಿದಾಗ, ಹೊಸದೊಂದು ರೂಢಿ ಸಹಜವಾಗಲು ಸರಾಸರಿ 66 ದಿನಗಳು ಬೇಕಾದವು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೂ ವ್ಯತ್ಯಾಸವಾಯಿತು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ಹಾನಿಯೇನೂ ಆಗಲಿಲ್ಲ. ಶಿಕ್ಷಕ ಬಂಧುಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ತಪ್ಪಿದ ಮಗುವನ್ನು ದಂಡಿಸುವುದಕ್ಕಿಂತ ಮರುದಿನ ಮತ್ತೆ ಅಕ್ಕರೆಯಿಂದ ಕರೆಯುವುದೇ ಲೇಸು.

ಹಾಗೆಂದು ಅಭ್ಯಾಸವೇ ಸರ್ವರೋಗಕ್ಕೂ ಮದ್ದೆಂದು ನಾನು ಹೇಳಲಾರೆ. ಬೆಳೆದ ಭತ್ತಕ್ಕೆ ತಕ್ಕ ಬೆಲೆ ದೊರೆಯದೆ ಸಾಲದಲ್ಲಿ ಬಳಲುವ ರೈತನಿಗೆ ಬೆಳಗಿನ ನಡಿಗೆಯನ್ನು ಬೋಧಿಸುವುದು ನಿರ್ದಯತೆಯೇ ಸರಿ. ಅವನ ಸಂಕಟಕ್ಕೆ ನ್ಯಾಯವೇ ಪರಿಹಾರ. ಆದರೆ ಹೊಟ್ಟೆಬಟ್ಟೆಗೆ ಕೊರತೆಯಿಲ್ಲದ ಮನೆಗಳಲ್ಲಿಯೂ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಮೊಬೈಲು ಹಿಡಿದು ಉಣ್ಣುತ್ತಿರುವುದಕ್ಕೆ ಬಡತನ ಕಾರಣವಲ್ಲ. ಅದೂ ನಾವೇ ಬೆಳೆಸಿಕೊಂಡ ಅಭ್ಯಾಸ.

ಆದುದರಿಂದ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ನನ್ನದೊಂದು ವಿನಂತಿ. ಕೊಠಡಿಗಳನ್ನು ಕಟ್ಟಿಸಿಕೊಟ್ಟ ತಮ್ಮ ಔದಾರ್ಯ ದೊಡ್ಡದು. ಅದರೊಡನೆ ವರ್ಷಕ್ಕೆ ಕೆಲವು ದಿನವಾದರೂ ವೇದಿಕೆಯಿಂದ ಇಳಿದು, ಮೊಬೈಲನ್ನು ಬದಿಗಿರಿಸಿ, ಮಕ್ಕಳ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು. ಅವರ ಮಾತನ್ನು ಕೇಳಬೇಕು. ಮಕ್ಕಳು ಕೇಳಿ ಕಲಿಯುವುದಕ್ಕಿಂತ ಕಂಡು ಕಲಿಯುವುದೇ ಹೆಚ್ಚು. ಕಟ್ಟಡದ ಕೊಡುಗೆಯನ್ನು ಕಲ್ಲಿನ ಮೇಲೆ ಕೆತ್ತಿಸಬಹುದು. ಒಡನಿದ್ದು ಉಂಡ ಅನ್ನದ ನೆನಪನ್ನು ಮಕ್ಕಳೇ ತಮ್ಮ ಬಾಳಿನುದ್ದಕ್ಕೂ ಕಾಯ್ದುಕೊಳ್ಳುವರು.